ಒಣ ತೂಕ

ಅತ್ತೆ ತೂಕದ ಯಂತ್ರದ ಮೇಲೆ ನಿಂತಿರುವಾಗ ಬೇರೆ ಕಡೆ ನೋಡುವುದು ಮರ್ಯಾದೆ ಎಂದು ಅವಳಿಗೆ ಗೊತ್ತಿತ್ತು. ಕಣ್ಣು ಮಾತ್ರ ಅಂಕಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಬಚ್ಚಲುಮನೆಯ ಬಾಗಿಲ ಪಕ್ಕದ ಆ ಇಕ್ಕಟ್ಟಿನಲ್ಲಿ ಇಬ್ಬರು ನಿಂತರೆ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗಬೇಕು. ಅತ್ತೆ ಒಂದು ಕೈಯನ್ನು ಗೋಡೆಗೆ ಊರಿದ್ದರು. "ಗೋಡೆ ಬಿಡಿ ಅತ್ತೆ," ಎಂದಳು. ಬಿಟ್ಟರು. ಅಂಕಿ ಆಚೀಚೆ ತಡವರಿಸಿ ಒಂದು ಕಡೆ ನಿಂತಿತು. ಕಳೆದ ಸಲಕ್ಕಿಂತ ಜಾಸ್ತಿ. ಕಳೆದ ಸಲದ್ದು ಅದರ ಹಿಂದಿನ ಸಲಕ್ಕಿಂತ ಜಾಸ್ತಿಯಿತ್ತು. "ಎಷ್ಟು ಬಂತು?" ಎಂದು ಅತ್ತೆ ಕೇಳಿದರು, ತಲೆ ಬಗ್ಗಿಸಿದರೆ ತಮಗೇ ಕಾಣುತ್ತಿದ್ದರೂ. "ಏರಿದೆ." "ನಾನು ಕುಡಿದಿಲ್ಲ ಕಣಮ್ಮ." "ನಾನೇನೂ ಕೇಳ್ಲಿಲ್ವಲ್ಲ ಅತ್ತೆ." ಕೇಳಲಿಲ್ಲ, ನಿಜ. ಕೇಳುವ ಅಗತ್ಯವೇ ಇಲ್ಲವೆಂದು ತೀರ್ಮಾನಿಸಿದವರು ಕೇಳುವುದಿಲ್ಲ. ಅತ್ತೆ ಒಂದೊಂದೇ ಪಾದ ಇಳಿಸಿ, ಕಾಲಿನಲ್ಲೇ ಚಪ್ಪಲಿ ತಡಕಿ ಮೆಟ್ಟಿಕೊಂಡು ನಡುಮನೆಯ ಕಡೆ ಹೊರಟರು. ಹಿಂದಿನಿಂದ ನೋಡುವಾಗ ರವಿಕೆಯ ತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಿದ್ದು ಕಂಡಿತು. ಹಳೆಯ ಹೊಲಿಗೆಯ ಸಾಲು ಬಟ್ಟೆಯ ಮೇಲೆ ಇನ್ನೂ ಉಳಿದಿತ್ತು. ತೋಳು ಬಿಗಿಯಾಗಿದೆ, ಅಂದರೆ ಮೈ ಊದಿದೆ, ಅಂದರೆ ನೀರು. ಅತ್ತೆ ನಡುಮನೆ ತಲುಪುವ ಮೊದಲೇ ಅವಳ ತಲೆ ಲೆಕ್ಕ ಮುಗಿಸಿತ್ತು.

ಅತ್ತೆಯ ಮೂತ್ರಪಿಂಡಗಳು ಕೈಕೊಟ್ಟು ವರ್ಷವಾಗುತ್ತ ಬಂದಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಕೇಂದ್ರದ ಯಂತ್ರ ರಕ್ತವನ್ನು ಹೊರಗೆಳೆದು, ತೊಳೆದು, ಮೈಯಲ್ಲಿ ನಿಂತ ನೀರನ್ನು ಬೇರ್ಪಡಿಸಿ ಹಿಂದಕ್ಕೆ ಕಳಿಸಬೇಕು. ನಡುವಿನ ದಿನಗಳಲ್ಲಿ ಕುಡಿದದ್ದೆಲ್ಲ ಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ, ಕಾಲಿಗಿಳಿಯುತ್ತದೆ, ಹೆಚ್ಚಾದರೆ ಶ್ವಾಸಕೋಶಕ್ಕೇರುತ್ತದೆ. ಮೊದಲ ದಿನ ಡಾಕ್ಟರು ಮೂವರನ್ನೂ ಎದುರು ಕೂರಿಸಿಕೊಂಡು ಹೇಳಿದ್ದರು: ಹೆಚ್ಚುವರಿ ನೀರೆಲ್ಲ ಹೋದಮೇಲೆ ಉಳಿಯುವುದಕ್ಕೆ ಒಣ ತೂಕ ಅಂತೀವಿ, ಅದರ ಮೇಲೆ ಏರಿದ್ದು ನೀರು, ಅಷ್ಟನ್ನು ಯಂತ್ರ ಎಳೆಯುತ್ತೆ. ಗಂಡ ತನ್ನ ಬೂಟಿನ ದಾರವನ್ನೇ ನೋಡುತ್ತ ಕೂತಿದ್ದ. ಅತ್ತೆ ಡಾಕ್ಟರ ಕಿವಿಯ ಓಲೆ ನೋಡುತ್ತಿದ್ದರು. ತಲೆಯಾಡಿಸಿದವಳು ಅವಳೊಬ್ಬಳೇ. ಒಣ ತೂಕ! ಅದು ಅವಳ ಪ್ರಯೋಗಾಲಯದ ಮಾತು. ದಿನಬೆಳಗಾದರೆ ಅವಳು ಮಾಡುತ್ತಿದ್ದದ್ದು ಅದೇ ಲೆಕ್ಕ. ಈ ಮನೆಗೆ ಬಂದಾಗಿನಿಂದ ಯಾವ ವಿಷಯದಲ್ಲೂ ಅವಳ ಮಾತು ನಡೆದದ್ದಿಲ್ಲ, ಪರದೆಯ ಬಣ್ಣದಲ್ಲೂ ಇಲ್ಲ. ಕೊನೆಗೂ ತನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಈ ಮನೆಯಲ್ಲಿ ಹುಟ್ಟಿತು ಎಂದು ಆವತ್ತು ಒಳಗೊಳಗೇ ಖುಷಿಯಾಗಿತ್ತು. ಒಬ್ಬರ ಕಾಯಿಲೆಯಿಂದ ಹುಟ್ಟಿದ ಖುಷಿ ಎಂಬುದು ಹೊಳೆದದ್ದು ಆಮೇಲೆ, ಹೊಳೆದರೂ ಅದೇನೂ ಹೋಗಲಿಲ್ಲ. ಮಾರನೆಯ ದಿನವೇ ಪ್ರಯೋಗಾಲಯದಿಂದ ಗೆರೆ ಹಾಕಿದ ಹೊಸ ಗಾಜಿನ ಸೀಸೆ ತಂದಳು. ಬೆಳಿಗ್ಗೆ ಇಂತಿಷ್ಟು ತುಂಬಿಸಿಟ್ಟರೆ ಮಾರನೆಯ ಬೆಳಗಿನವರೆಗೆ ಅದೇ. ಅತ್ತೆ ಸೀಸೆಯನ್ನು ತಿರುಗಿಸಿ ನೋಡಿ, "ಗೆರೆ ದಾಟಿದ್ರೆ ಏನ್ಮಾಡ್ತೀಯಾ, ಬೆಂಚಿನ ಮೇಲೆ ನಿಲ್ಲಿಸ್ತೀಯಾ?" ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಅಂದಿನಿಂದ ಅತ್ತೆ ಕುಡಿಯುವ ಮೊದಲು ಮುಂದಿನ ಗೆರೆಯ ಮೇಲೆ ಹೆಬ್ಬೆರಳಿಟ್ಟು, ಅಲ್ಲಿಯವರೆಗೆ ಕುಡಿದು, ಸೀಸೆಯನ್ನು ಅವಳ ಕಡೆ ತಿರುಗಿಸಿ ತೋರಿಸುವುದನ್ನು ರೂಢಿ ಮಾಡಿಕೊಂಡರು. ಮೊದಮೊದಲು ಅದು ತಮಾಷೆಯಾಗಿತ್ತು. ತಮಾಷೆ ಯಾವಾಗ ನಿಂತಿತು ಎಂದು ಅವಳು ಗಮನಿಸಲಿಲ್ಲ.

ಗಂಡ ಕಾರು ತೆಗೆಯಲು ಕೆಳಗಿಳಿದಿದ್ದ. ಅತ್ತೆ ನಡುಮನೆಯ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತು ಮಿಠಾಯಿ ಚೀಪುತ್ತಿದ್ದರು. ಹಲ್ಲಿಗೆ ತಾಗಿ ಅದು ಟಕ್ ಟಕ್ ಎನ್ನುತ್ತಿತ್ತು. ಸಕ್ಕರೆಯಿಲ್ಲದ ಮಿಠಾಯಿ, ಬಾಯಿ ಒಣಗದಿರಲಿ ಎಂದು ಅವಳೇ ತಂದಿಟ್ಟದ್ದು. "ನಿನ್ನ ಆಫೀಸಿನ ಕಲ್ಲು" ಎಂದು ಅತ್ತೆ ಅದಕ್ಕೆ ಹೆಸರಿಟ್ಟಿದ್ದರು. ಹೆಸರಿನಲ್ಲಿ ತಪ್ಪೇನಿರಲಿಲ್ಲ, ಸಾರ್ಬಿಟಾಲ್ ಎಂಬ ಯಾವ ಸಿಹಿ ಪುಡಿಯನ್ನು ಅವಳು ಹಗಲೆಲ್ಲ ಕರಗಿಸಿ ಹೆಪ್ಪುಗಟ್ಟಿಸುತ್ತಿದ್ದಳೋ ಅದರಿಂದಲೇ ಮಾಡಿದ್ದು. ನಿನ್ನೆ ಸಂಜೆಯೂ ಹೀಗೇ ಟಕ್ ಟಕ್ ಎನ್ನುತ್ತಿತ್ತು, ನಾದಿನಿ ಬಂದು ಕೂತಿದ್ದಾಗ. "ಅಮ್ಮನ ತುಟಿ ನೋಡು ಹೇಗೆ ಒಡೆದಿದೆ," ಎಂದಳು ನಾದಿನಿ, ಯಾರಿಗೂ ಹೇಳದವಳಂತೆ, ಎಲ್ಲರಿಗೂ ಕೇಳಿಸುವಂತೆ. "ಒಂದು ಗುಟುಕು ನೀರಿಗೂ ಸೀಸೆ ಹಿಡಿಯೋ ಮನೆ ನಾನಂತೂ ನೋಡಿಲ್ಲ." ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಹೇಳಿಯೇಬಿಟ್ಟಳು: "ಸೀಸೆ ಹೆಸರಿಗೆ ಅಷ್ಟೆ. ಕದ್ದು ಕುಡೀತಾರೆ. ತೂಕ ಸುಳ್ಳು ಹೇಳಲ್ಲ." ಟಕ್ ಟಕ್ ನಿಂತಿತು. ಆಡಿದ ಮಾತು ಒಡೆದ ಮುತ್ತು ಎನ್ನುತ್ತಾರೆ; ಇದು ಮುತ್ತೂ ಅಲ್ಲ. ಬಾಯಾರಿದವರಿಗೆ ನೀರು ಕೊಡದವಳು ಎಂದು ನಾದಿನಿ ಇನ್ನು ಊರಿಡೀ ಹೇಳಿಕೊಂಡು ಬರುತ್ತಾಳೆ ಎಂಬ ಭಯ ಒಂದು ಕಡೆ, ತಾನು ಹೇಳಿದ್ದರಲ್ಲಿ ಸುಳ್ಳೇನಿದೆ ಎಂಬ ಹಠ ಇನ್ನೊಂದು ಕಡೆ. ಗಂಡ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟ. "ನೀನು ಹೇಳೋದೂ ಸರಿ, ಅವಳು ಹೇಳೋದೂ ಸರಿ," ಎಂದ. ಅತ್ತೆ ಬಾಯಲ್ಲಿದ್ದ ಮಿಠಾಯಿಯನ್ನು ಉಗುಳಿ, ಕಾಗದದಲ್ಲಿ ಸುತ್ತಿ, ಏಳಲಾರದೆ ಎದ್ದು ಕಸದ ಬುಟ್ಟಿಗೆ ಹಾಕಿ ಬಂದರು. ಈಗ ಕೆಳಗಿನಿಂದ ಹಾರನ್ ಕೇಳಿಸಿತು. ಬಾಗಿಲಲ್ಲಿ ಅತ್ತೆ ತಿರುಗಿ, "ಸಂಜೆಗೆ ಮೊಟ್ಟೆ ಇದೆಯಲ್ವಾ?" ಎಂದು ಕೇಳಿದರು. "ಇದೆ." ಇಷ್ಟೆಲ್ಲ ಆದಮೇಲೂ ಹೊಟ್ಟೆಯದೇ ಯೋಚನೆ ಎಂದು ಅವಳಿಗೆ ರೇಗಿತು.

ಬಸ್ಸಿನಲ್ಲಿ ನಿಂತೇ ಹೋದಳು. ಪ್ರಯೋಗಾಲಯದ ಬಾಗಿಲು ತೆರೆಯುತ್ತಲೇ ಎದುರುಮೇಜಿನವನು, "ಇವತ್ತು ಗಾಳಿ ತುಂಬ ನೀರು, ಸಕ್ಕರೆಯಕ್ಕ. ಮುಚ್ಚಳ ಭದ್ರ," ಎಂದ. ದಿನಾ ಬಂದ ಕೂಡಲೇ ಕೋಣೆಯ ತೇವದ ಅಂಕಿ ಸಾರುವುದರಿಂದ ಅವನಿಗೆ ಹವಾಮಾನ ಎಂದೇ ಅಡ್ಡಹೆಸರು. ಬೇರೆ ದಿನವಾಗಿದ್ದರೆ ಅವಳೂ ಏನಾದರೂ ಅನ್ನುತ್ತಿದ್ದಳು. ಆದರೆ ವಾರದ ಹಿಂದೆ ಚಹಾ ಹೊತ್ತಿನಲ್ಲಿ, ಮುಖ್ಯಸ್ಥರೂ ಇದ್ದಾಗ, ಒಣಪೆಟ್ಟಿಗೆಯ ಮುಚ್ಚಳ ಸಡಿಲ ಬಿಟ್ಟು ತನ್ನ ಮಾದರಿಗೆಲ್ಲ ತೇವ ಕುಡಿಸಿದವನು ಇವನೇ ಎಂದು ಅವಳು ಹೇಳಿದ್ದಳು. ಅವನು ಇಲ್ಲವೆಂದಿದ್ದ. ತೂಕ ಏರಿದೆಯಲ್ಲ, ಎಂದಿದ್ದಳು. ಮುಖ್ಯಸ್ಥರು ಬಿಸ್ಕತ್ತು ಅದ್ದುತ್ತ, ನೋಡಿಕೊಳ್ಳಿ ಎಂದಿದ್ದರು. ಆಮೇಲೂ ಹವಾಮಾನ ದಿನಾ ಮಾತಾಡಿಸುತ್ತಿದ್ದ, ಮೊದಲಿನ ಹಾಗೆಯೇ. ಅದೇ ಅವಳಿಗೆ ಕಷ್ಟವಾಗುತ್ತಿತ್ತು.

ಸಾರ್ಬಿಟಾಲ್ ಒಂದು ಸಕ್ಕರೆ ಆಲ್ಕೋಹಾಲು ಎಂದು ಹೇಳಿದರೆ ನೆಂಟರಲ್ಲಿ ಒಬ್ಬರಾದರೂ ಕಣ್ಣು ಮಿಟುಕಿಸುತ್ತಾರೆ. ಅಮಲೇರುವುದಿಲ್ಲ, ಹೆಚ್ಚು ತಿಂದರೆ ಹೊಟ್ಟೆ ಸಡಿಲವಾಗುತ್ತದೆ ಅಷ್ಟೆ ಎಂದು ಅವಳು ವಿವರಿಸುವ ಹೊತ್ತಿಗೆ ಅವರು ಬೇರೆ ಮಾತಿಗೆ ಹೋಗಿರುತ್ತಾರೆ. ಬಿಳಿಯ ಪುಡಿಯನ್ನು ಕರಗಿಸಿ, ಬೇಗ ತಣಿಸಿದರೆ ಅದು ಹರಳಾಗುವುದನ್ನು ಮರೆತು ಹಾಗೆಯೇ ಗಟ್ಟಿಯಾಗುತ್ತದೆ, ಗಾಜಾಗುತ್ತದೆ. ಹೊರಗೆ ನೋಡಲು ಕಲ್ಲು. ಒಳಗೆ ಇನ್ನೂ ದ್ರವದ ಅಸ್ತವ್ಯಸ್ತ, ಕದಲಲು ಜಾಗ ಸಿಗದೆ ಸಿಕ್ಕಿಕೊಂಡ ಅಣುಗಳು. ಎರಡು ಲೋಹದ ಬಿಲ್ಲೆಗಳ ನಡುವೆ ಅದನ್ನಿಟ್ಟು, ದ್ರವ ನೈಟ್ರೋಜನ್ನಿನ ತಣ್ಣನೆಯ ಆವಿ ಹಾಯಿಸಿ, ವಿದ್ಯುತ್ತಿನಿಂದ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಸಣ್ಣಗೆ ನೂಕುತ್ತಾಳೆ. ನೂಕಿದಾಗ ಅಣುಗಳು ತಿರುಗಲು ನೋಡುತ್ತವೆ. ತಿರುಗಿ ಮತ್ತೆ ಸಮಾಧಾನಕ್ಕೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಪರದೆಯ ಮೇಲೆ ಒಂದು ಗುಡ್ಡವಾಗಿ ಮೂಡುತ್ತದೆ. ತೀರ ಒಣಗಿದ್ದರೆ ಗುಡ್ಡ ಎಡಕ್ಕಿರುತ್ತದೆ, ನಿಧಾನ, ಎಲ್ಲರೂ ಒಟ್ಟಿಗೆ ಸರಿದರೆ ಮಾತ್ರ ಒಬ್ಬರು ಸರಿಯಬಹುದೆಂಬಷ್ಟು ಬಿಗಿ. ಚೂರು ನೀರು ಸೇರಿದರೆ ಸಾಕು, ಕಣ್ಣಿಗೆ ಕಾಣದಷ್ಟು, ನೀರು ಸಂದಿಯಲ್ಲಿ ನುಸುಳಿ ಆ ಬಿಗಿಯನ್ನು ಸಡಿಲಿಸುತ್ತದೆ. ಗುಡ್ಡ ಬಲಕ್ಕೆ ಓಡುತ್ತದೆ. ಎಷ್ಟು ನೀರಿಗೆ ಎಷ್ಟು ಓಟ ಎಂಬುದೇ ಅವಳ ಕೆಲಸ. ಹಾಗಾಗಿ ಅವಳ ಲೋಕದಲ್ಲಿ ನೀರೆಂದರೆ ಬಾಗಿಲ ಸಂದಿಯಲ್ಲಿ, ಉಸಿರಿನಲ್ಲಿ, ಬೆರಳ ತುದಿಯಲ್ಲಿ ಹೊಂಚುಹಾಕಿ ಕೂತ ಕಳ್ಳ. ಮಾದರಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಹೊಸಬರಿಗೆ ಇಲ್ಲಿ ಮೊದಲು ಕಲಿಸುವ ಪಾಠ ಅದೇ: ಮುಟ್ಟಬೇಡಿ, ತೂಗಿ.

ಇವತ್ತು ಬಿಲ್ಲೆಗಳ ಜೋಡಿಯನ್ನು ತೂಗಿದಾಗ ಮತ್ತೆ ಭಾರ ಬಂತು, ವಾರದ ಹಿಂದಿನಷ್ಟೇ ಹೆಚ್ಚು. ನೋಡಿದೆಯಾ, ಎಂದು ಮನಸ್ಸಿನಲ್ಲೇ ಯಾರಿಗೋ ಹೇಳಿದಳು, ಹವಾಮಾನನಿಗೋ ಅತ್ತೆಗೋ. ನಾನು ಕುಡಿದಿಲ್ಲ ಕಣಮ್ಮ. ತಣಿಸಿದಳು, ನೂಕಿದಳು, ಪರದೆ ನೋಡುತ್ತ ಕೂತಳು. ಗುಡ್ಡ ಕದಲಲಿಲ್ಲ. ಒಣ ಮಾದರಿಯ ಗುಡ್ಡ ಎಲ್ಲಿ ನಿಲ್ಲಬೇಕೋ ಅಲ್ಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನಿಂತಿತ್ತು. ತಂತಿ ಬಿಗಿಮಾಡಿ ಮತ್ತೆ ಅಳೆದಳು. ಬಿಸಿಮಾಡಿ, ಮತ್ತೆ ತಣಿಸಿ ಅಳೆದಳು. ಅಷ್ಟು ನೀರು ಒಳಗಿದ್ದರೆ ಈ ಅಣುಗಳು ಹೀಗೆ ಸೆಟೆದು ಕೂರಲು ಸಾಧ್ಯವೇ ಇಲ್ಲ. ತಕ್ಕಡಿ ನೀರಿದೆ ಎನ್ನುತ್ತದೆ, ಮಾದರಿ ನಾನು ಕುಡಿದಿಲ್ಲ ಎನ್ನುತ್ತದೆ. "ಏನಾಯ್ತು?" ಎಂದು ಹವಾಮಾನ ಕುರ್ಚಿ ಸರಿಸಿಕೊಂಡು ಬಂದ. ಪರದೆ ನೋಡಿದ, ಬಿಲ್ಲೆ ನೋಡಿದ. "ತೂಕಕ್ಕೆ ಹೊಸ ಉಂಗುರ ಸೇರಿಸ್ಕೊಂಡ್ರಾ?" "ಯಾವ ಉಂಗುರ?" "ಬಿಲ್ಲೆಗಳ ನಡುವಿನದು. ಹಳೇದು ಸೀಳಿತ್ತು, ಬದಲಾಯಿಸಿದೆ. ಹೊಸದು ಒಂಚೂರು ದಪ್ಪ, ಭಾರನೂ ಜಾಸ್ತಿ. ಹೇಳಿದ್ನಲ್ಲ, ಮೆಟ್ಟಿಲ ಹತ್ರ. ನೀವು ಹೂಂ ಹೂಂ ಅಂದ್ರಿ." ಅವಳಿಗೆ ಮೆಟ್ಟಿಲು ನೆನಪಾಯಿತು, ಹೂಂ ಎಂದದ್ದೂ ನೆನಪಾಯಿತು. ಆವತ್ತು ತಲೆಯಲ್ಲಿ ಇದ್ದದ್ದು ಬಚ್ಚಲುಮನೆಯ ಚೊಂಬನ್ನು ಎಲ್ಲಿ ಬಚ್ಚಿಡಬೇಕು ಎಂಬ ಯೋಚನೆ. "ಮುಖ್ಯಸ್ಥರಿಗೆ ನೀವೇ ಹೇಳ್ತೀರೋ ನಾನೇ ಹೇಳ್ಲೋ?" ಎಂದು ಅವನು ಕೇಳಿದ, ನಗುತ್ತಲೇ, ನಗುವಿನಲ್ಲಿ ಈ ಸಲ ಚೂರು ಮುಳ್ಳಿತ್ತು. "ಹೇಳ್ತೀನಿ," ಎಂದಳು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಅವನು ಎರಡು ಕ್ಷಣ ನಿಂತು ನೋಡಿ ತನ್ನ ಮೇಜಿಗೆ ಹೋದ.

ತಕ್ಕಡಿಗೆ ತಿಳಿಯುವುದು ಭಾರ ಮಾತ್ರ, ಯಾವುದರ ಭಾರ ಎಂದು ತಿಳಿಯುವುದಿಲ್ಲ. ಇದೇನು ಹೊಸ ತತ್ವವಲ್ಲ, ಹೊಸಬರಿಗೆ ಅವಳೇ ಹೇಳುವ ಮಾತು. ಆದರೆ ಆ ಮಾತು ಈಗ ಪ್ರಯೋಗಾಲಯದಲ್ಲಿ ನಿಲ್ಲದೆ ಹೊರಗೆ ಹೊರಟಿತ್ತು, ಮನೆಯ ದಾರಿ ಹಿಡಿದಿತ್ತು. ಅವಳು ಅದನ್ನು ಅಡ್ಡಗಟ್ಟಿದಳು. ಎತ್ತಣ ಮಾಮರ ಎತ್ತಣ ಕೋಗಿಲೆ, ಉಂಗುರಕ್ಕೂ ಅತ್ತೆಗೂ ಏನು ಸಂಬಂಧ. ಕೈಗವಸು ಕಳಚಿದಳು, ಮತ್ತೆ ಹಾಕಿಕೊಂಡಳು. ಊಟದ ಡಬ್ಬಿ ತೆಗೆದು, ಮುಚ್ಚಳದ ಒಳಗೆ ಬೆವರಿದ ನೀರನ್ನು ನೋಡಿ, ಮುಚ್ಚಿಟ್ಟಳು. ಎರಡು ವಾರದ ಹಿಂದೆ ಡಯಾಲಿಸಿಸ್ ಕೇಂದ್ರಕ್ಕೆ ಅತ್ತೆಯ ಜೊತೆ ಹೋಗಿದ್ದವಳು ಅವಳು. ಡಾಕ್ಟರು ಅವಸರದಲ್ಲಿ ಹಾಸಿಗೆಯಿಂದ ಹಾಸಿಗೆಗೆ ಬರುತ್ತ, "ಮುಖ ಊದಿಲ್ಲ, ಉಸಿರೂ ಚೆನ್ನಾಗಿದೆ. ಒಣ ತೂಕ ಒಂಚೂರು ಏರಿಸಿ ನೋಡೋಣ್ವಾ?" ಎಂದಿದ್ದರು. "ಬೇಡ ಡಾಕ್ಟ್ರೇ," ಎಂದವಳು ಅವಳು. "ಇವರು ಕದ್ದು ಕುಡೀತಾರೆ. ಏರಿಸಿದ್ರೆ ಅದೇ ಅಭ್ಯಾಸ ಆಗುತ್ತೆ." ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ತಾನು ಏನು ಕೆಲಸ ಮಾಡುತ್ತೇನೆ, ಒಂದು ವಸ್ತುವಿನ ತೂಕ ಏರಿತೆಂದರೆ ಏನರ್ಥ, ನೀರು ಹೇಗೆ ನುಸುಳುತ್ತದೆ ಎಂದು ನಿಂತ ನಿಲುವಿನಲ್ಲಿ ಪಾಠವನ್ನೇ ಮಾಡಿದಳು. ಪಕ್ಕದ ಹಾಸಿಗೆಯ ರೋಗಿಯೂ ಕೇಳಿಸಿಕೊಂಡರು. ಡಾಕ್ಟರು ಗಡಿಯಾರ ನೋಡಿ, ಸರಿ ಹಾಗಾದ್ರೆ ಇದ್ದ ಹಾಗೇ ಇರಲಿ ಎಂದು ಮುಂದೆ ಹೋದರು. ಇಷ್ಟು ಹೊತ್ತೂ ಅತ್ತೆ ಕೈಗೆ ಕೊಳವೆ ಚುಚ್ಚಿಸಿಕೊಂಡು, ಚಾವಣಿ ನೋಡುತ್ತ ಮಲಗಿದ್ದರು. ತಮ್ಮ ವಿಷಯ ಅಲ್ಲವೇನೋ ಎಂಬಂತೆ. ಆವತ್ತು ಸಂಜೆ, "ಕಾಲು ಹಿಡ್ಕೊಳ್ಳುತ್ತೆ ಕಣೇ, ಮೀನಖಂಡ ಗಂಟು ಕಟ್ಟಿದ ಹಾಗೆ," ಎಂದರು. "ಕಡಿಮೆ ಕುಡಿದ್ರೆ ಕಡಿಮೆ ಎಳೀತಾರೆ ಅತ್ತೆ," ಎಂದಿದ್ದಳು, ಬೇಳೆ ಕುದಿಯುವುದನ್ನು ನೋಡುತ್ತ, ತಿರುಗದೆ.

ಫೋನು ಮೇಜಿನ ಮೇಲೆ ಗುಂಯ್‌ಗುಟ್ಟಿತು. ಗಂಡ. "ಅಮ್ಮ ಮಾತಾಡ್ತಿಲ್ಲ," ಎಂದ. "ಎಚ್ಚರ ಇದಾರಾ?" "ಕಣ್ಣು ಬಿಟ್ಟಿದಾರೆ. ಬಿ.ಪಿ. ಇಳಿದುಹೋಯ್ತು ಅಂತ ಓಡಾಡ್ತಿದಾರೆ. ಕಾಲು ಸೆಳೆದು ಕೂಗಿಕೊಂಡ್ರು, ಆಮೇಲೆ ಸುಮ್ಮನಾಗ್ಬಿಟ್ರು. ನೀನು ಬಾ." ನೀನು ಹೇಳಿದ್ದೂ ಸರಿ ಎಂದು ಅವನು ಈ ಸಲ ಹೇಳಲಿಲ್ಲ.

ಟ್ಯಾಕ್ಸಿಯಲ್ಲಿ ಕೂತಾಗ ಗಮನಕ್ಕೆ ಬಂತು, ಕೈಗವಸು ಕೈಯಲ್ಲೇ ಇತ್ತು. ದೀಪ ಕೆಂಪಾದಲ್ಲೆಲ್ಲ ಗಾಡಿ ನಿಲ್ಲುತ್ತಿತ್ತು. ರಸ್ತೆ ಬದಿಯ ಗಿಡಗಳಿಗೆ ಯಾರೋ ಕೊಳವೆ ಹಿಡಿದು ನೀರು ಬಿಡುತ್ತಿದ್ದರು, ನೀರು ಕಟ್ಟೆ ದಾಟಿ ಡಾಂಬರಿನ ಮೇಲೆ ಸುಮ್ಮನೆ ಹರಿಯುತ್ತಿತ್ತು. ಅವಳ ಮನಸ್ಸು ಹುಡುಕುತ್ತಿತ್ತು. ಏನನ್ನು ಹುಡುಕುತ್ತಿದೆ ಎಂದು ತಿಳಿಯಲು ಒಂದೆರಡು ತಿರುವು ಬೇಕಾಯಿತು. ಅತ್ತೆ ಕದ್ದು ಕುಡಿದದ್ದಕ್ಕೆ ಸಾಕ್ಷಿ ಹುಡುಕುತ್ತಿತ್ತು. ಒದ್ದೆಯಾದ ಸೆರಗಿನ ತುದಿ, ಜಾಗ ಬದಲಿಸಿದ ಲೋಟ, ಏನಾದರೂ ಒಂದು. ಒಂದೇ ಒಂದು ಚೊಂಬು ಕುಡಿದಿರಲಿ ದೇವರೇ, ಒಂದೇ ಸಲ ಕದ್ದಿರಲಿ. ಕದ್ದಿದ್ದರೆ ಸೊಸೆ ಉಳಿದುಕೊಳ್ಳುತ್ತಾಳೆ. ಕುಡಿಯದೆ ಇದ್ದರೆ, ಅಯ್ಯೋ, ಇಲ್ಲದ ನೀರನ್ನು ಆ ಯಂತ್ರ ಎಲ್ಲಿಂದ ಎಳೆಯಿತು? ನೆನಪಿಗೆ ಬಂದದ್ದು ಬೇರೆಯೇ. ಒಂದು ರಜೆಯ ಮಧ್ಯಾಹ್ನ ಬಚ್ಚಲಿನಲ್ಲಿ ನಲ್ಲಿ ಸದ್ದು ಕೇಳಿ ಅವಳು ತಟ್ಟದೆ ಬಾಗಿಲು ನೂಕಿದ್ದಳು. ಅತ್ತೆ ಬಗ್ಗಿ ನಿಂತಿದ್ದರು, ಕೆನ್ನೆ ಉಬ್ಬಿತ್ತು, ಬಾಯಿ ತುಂಬ ನೀರು. ಇಬ್ಬರೂ ಹಾಗೇ ನಿಂತರು. ಅತ್ತೆ ನಿಧಾನವಾಗಿ, ಒಂದು ತೊಟ್ಟೂ ಒಳಗೆ ಹೋಗದಂತೆ ಕುತ್ತಿಗೆ ಚಾಚಿ, ಎಲ್ಲವನ್ನೂ ಉಗುಳಿದರು. ಆಮೇಲೆ ಅವಳ ಕಡೆ ತಿರುಗಿ ಬಾಯಿ ಅಗಲವಾಗಿ ತೆರೆದು ತೋರಿಸಿದರು. "ಮುಕ್ಕಳಿಸ್ತಿದ್ದೆ," ಎಂದರು. ಆ ವಯಸ್ಸಿನ ಹೆಂಗಸು, ಗಂಡನನ್ನು ಕಳಕೊಂಡು ಎರಡು ಮಕ್ಕಳನ್ನು ಒಬ್ಬರೇ ದಡ ಮುಟ್ಟಿಸಿದವರು, ಸೊಸೆಯ ಮುಂದೆ ಬಾಯಿ ತೆರೆದು ನಿಂತಿದ್ದರು. ಅವಳು ಅಲ್ಲಿಂದ ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ಬಾಯೊಳಗೆ ನೋಡಿದ್ದಳು, ನಾಲಿಗೆ ಒಣಗಿದೆಯೋ ಒದ್ದೆಯಾಗಿದೆಯೋ ಎಂದು.

ಡಯಾಲಿಸಿಸ್ ಕೇಂದ್ರದ ಕಾರಿಡಾರಿನಲ್ಲಿ ಗಂಡ ಗೋಡೆಗೊರಗಿ ನಿಂತಿದ್ದ. ಅವಳನ್ನು ನೋಡಿ ಬಾಗಿಲಿನ ಕಡೆ ಕೈ ತೋರಿಸಿದ. ಒಳಗೆ ಅತ್ತೆಯ ಹಾಸಿಗೆಯ ತಲೆಯ ಭಾಗವನ್ನು ತಗ್ಗಿಸಿ ಕಾಲನ್ನು ಎತ್ತರದಲ್ಲಿಟ್ಟಿದ್ದರು. ಯಂತ್ರ ನಿಂತಿತ್ತು, ಮೇಲೆ ತೂಗುಹಾಕಿದ ಚೀಲದಿಂದ ಉಪ್ಪುನೀರು ಕೊಳವೆಯಲ್ಲಿ ಇಳಿಯುತ್ತಿತ್ತು. ಎಳೆದದ್ದನ್ನು ಈಗ ವಾಪಸು ಕೊಡುತ್ತಿದ್ದರು. ಅತ್ತೆಯ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು, ಆದರೆ ಕಣ್ಣು ಓಡಾಡುತ್ತಿತ್ತು. ಡಾಕ್ಟರು ಕಾಲ ಬಳಿ ನಿಂತಿದ್ದರು. "ಈಗ ಪರವಾಗಿಲ್ಲ, ಬಿ.ಪಿ. ಏರ್ತಿದೆ," ಎಂದರು. ಆಮೇಲೆ, ಸಿಟ್ಟಿಲ್ಲದೆ, "ಇವರ ಕಾಲು ಯಾವತ್ತಾದರೂ ಒತ್ತಿ ನೋಡಿದೀರಾ?" ಎಂದು ಕೇಳಿದರು. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ದಿನಾ ತೂಗಿದ್ದೇನೆ, ಎಂದಳು. "ತೂಗಿದೀರಿ. ಮುಟ್ಟಿ ನೋಡಿದೀರಾ?" ಡಾಕ್ಟರು ಅತ್ತೆಯ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರು. "ನೀರು ನಿಂತಿದ್ರೆ ಗುಳಿ ಬೀಳುತ್ತೆ, ಬೇಗ ಏಳಲ್ಲ. ಇಲ್ಲಿ ಏನೂ ಇಲ್ಲ ನೋಡಿ." ತೋಳನ್ನು ಎತ್ತಿ ಮೆಲ್ಲನೆ ಹಿಂಡಿದರು, ಹೊಲಿಗೆ ಬಿಚ್ಚಿ ಸಡಿಲಿಸಿದ ಅದೇ ತೋಳು. "ಇದು ಮಾಂಸ. ಊಟಕ್ಕೆ ಏನು ಹಾಕ್ತಿದೀರಾ?" "ಮೀನು. ಮೊಟ್ಟೆಯ ಬಿಳಿ. ಬೇಳೆ, ನೀವು ಹೇಳಿದಷ್ಟೇ." "ಯಾರು ಮಾಡೋದು?" "ನಾನೇ." "ಮೈಗೆ ಹತ್ತಿದೆ," ಎಂದರು ಡಾಕ್ಟರು. "ಬಂದಾಗ ಎಲುಬಿನ ಗೂಡಾಗಿದ್ರು. ಆವಾಗ ಇಟ್ಟ ಒಣ ತೂಕ ಈಗ ಇವರದ್ದಲ್ಲ. ಮೈ ತುಂಬ್ಕೊಂಡಿದ್ದನ್ನ ನೀರು ಅಂದ್ಕೊಂಡು ಇರೋ ನೀರನ್ನೂ ಎಳೆದುಬಿಟ್ವಿ. ನಾನೂ ಆವತ್ತು ನಿಮ್ಮ ಮಾತು ಕೇಳಿ ಬಿಡಬಾರದಿತ್ತು. ಇವತ್ತು ಬೇಕಂದ್ರೆ ನೀರು ಕೊಡಿ." ಪಕ್ಕದ ಹಾಸಿಗೆಯ ರೋಗಿ, ಆವತ್ತಿನವರೇ, ಮುಖ ಆ ಕಡೆ ತಿರುಗಿಸಿಕೊಂಡರು. ಅವರಿಗೆ ಇಷ್ಟು ಮರ್ಯಾದೆ ತಿಳಿದಿತ್ತು.

ಡಾಕ್ಟರು ಹೋದಮೇಲೆ ಅವಳು ಕೈಗವಸು ತೆಗೆದು ಚೀಲಕ್ಕೆ ತುರುಕಿದಳು. ಗಂಡ ಬಾಗಿಲಲ್ಲೇ ನಿಂತಿದ್ದ. ಅತ್ತೆಯ ಕಾಲು ಅವಳ ಕೈಗೆ ನಿಲುಕುವಷ್ಟು ಹತ್ತಿರದಲ್ಲಿತ್ತು. ಚರ್ಮದ ಮೇಲೆ ಡಾಕ್ಟರ ಹೆಬ್ಬೆರಳಿನ ಗುರುತು ಸಹ ಉಳಿದಿರಲಿಲ್ಲ. ಇಷ್ಟು ತಿಂಗಳು ಎದುರಿಗೇ ಇದ್ದ ಕಾಲು. ಮುಟ್ಟಿದಳು. ಬೆಚ್ಚಗಿತ್ತು. ತಾನು ಯಾವುದನ್ನು ಮುಟ್ಟುತ್ತೇನೆಂದು ಊಹಿಸಿಕೊಂಡಿದ್ದಳೋ ಗೊತ್ತಿಲ್ಲ, ಆ ಬಿಸಿಯ ಮೇಲೆ ಇಡೀ ಅಂಗೈ ಊರಿದಳು. ಮೀನಖಂಡದಲ್ಲಿ ಗಂಟು ಇನ್ನೂ ಕರಗಿರಲಿಲ್ಲ. ಒತ್ತಿದಳು, ಎಷ್ಟು ಬಲ ಹಾಕಬೇಕೆಂದು ತಿಳಿಯದೆ ಒತ್ತಿದಳು. "ನೋವಾಗುತ್ತಾ?" "ಆಗುತ್ತೆ. ಒತ್ತು," ಎಂದರು ಅತ್ತೆ. ಕಾಲು ಸೆಳೆದಮೇಲೆ ಅವರಾಡಿದ ಮೊದಲ ಮಾತು ಅದು. ಅವಳು ಒತ್ತುತ್ತಲೇ, ಕಾಲನ್ನೇ ನೋಡುತ್ತ, "ನೀವು ಕುಡಿದಿರಲಿಲ್ಲ," ಎಂದಳು. "ನಾನು ಹೇಳಿದ್ನಲ್ಲ." "ಹೇಳಿದ್ರಿ." ಉಪ್ಪುನೀರು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಅತ್ತೆ ಹೇಳಿದರು, "ನಿನ್ನ ಕೈ ಅಡುಗೆ ರುಚಿಯಾಗಿತ್ತು. ಬಾಯಿಗೆ ನೀರಂತೂ ಇಲ್ಲ, ಊಟವಾದ್ರೂ ಮಾಡೋಣ ಅಂತ ತಿಂದೆ. ತಿನ್ನಬೇಡಿ ಅಂತ ನೀನು ಹೇಳಿರ್ಲಿಲ್ವಲ್ಲ." ಆಕ್ಷೇಪಣೆಯಲ್ಲ, ವಿವರಣೆ. ತಿಂದದ್ದಕ್ಕೂ ಸೊಸೆಯ ಮುಂದೆ ವಿವರಣೆ ಕೊಡಬೇಕು ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದರು. ಅವಳ ಕೈ ನಿಂತಿತು. ಏನಾದರೂ ಹೇಳಬೇಕಿತ್ತು. ಹವಾಮಾನನ ಮುಂದೆ ಬಾರದ ಮಾತು ಇಲ್ಲೂ ಬಾಯಿವರೆಗೆ ಬಂದು ಅಲ್ಲೇ ಸಿಕ್ಕಿಕೊಂಡಿತು. ಬೆಳಿಗ್ಗೆಯಿಂದ ಅವಳೂ ಒಂದು ಗುಟುಕು ನೀರು ಕುಡಿದಿರಲಿಲ್ಲ.

"ಒಂಚೂರು ನೀರು ಕೊಡ್ಲಾ ಅತ್ತೆ? ಇವತ್ತು ಕುಡೀಬಹುದಂತೆ." ಅತ್ತೆ ಹೂಂ ಎಂದು ತಲೆಯಾಡಿಸಿದರು. ಸೀಸೆ ಮನೆಯಲ್ಲೇ ಉಳಿದಿತ್ತು. ಮೂಲೆಯಲ್ಲಿದ್ದ ಕುಡಿಯುವ ನೀರಿನ ಡ್ರಮ್ಮಿನ ಪಕ್ಕದಲ್ಲಿ ಮಗುಚಿಟ್ಟಿದ್ದ ಉಕ್ಕಿನ ಲೋಟವೊಂದನ್ನು ತೊಳೆದು, ತುಂಬಿಸಿಕೊಂಡು ಬಂದಳು. ತುಂಬಿಸುವಾಗ ಕೈ ತಾನಾಗಿ ತಡೆಯಿತು, ಅವಳು ತಡೆಯಗೊಡದೆ ಅಂಚಿನವರೆಗೂ ತುಂಬಿಸಿದಳು. ಹಾಸಿಗೆ ಎತ್ತರಿಸಿ, ಬೆನ್ನಿಗೆ ಕೈಕೊಟ್ಟು ಕೂರಿಸಿದಳು. ಬೆನ್ನೂ ಬೆಚ್ಚಗಿತ್ತು. ಅತ್ತೆ ಎರಡು ಕೈಯಲ್ಲಿ ಲೋಟ ತೆಗೆದುಕೊಂಡರು. ಕುಡಿಯಲಿಲ್ಲ. ಲೋಟವನ್ನು ಒಂದು ಸುತ್ತು ತಿರುಗಿಸಿದರು, ಹೊಳೆಯುವ ಉಕ್ಕಿನ ಮೇಲೆ ಏನನ್ನೋ ಹುಡುಕಿದರು, ಸಿಗಲಿಲ್ಲ. ಆಮೇಲೆ ಲೋಟದ ಹೊರಗಡೆ, ಸುಮಾರು ಅರ್ಧಕ್ಕೆ, ಅಂದಾಜಿನಲ್ಲಿ ಹೆಬ್ಬೆರಳನ್ನು ಒತ್ತಿಟ್ಟು, ತುಟಿಗೆ ಹಚ್ಚಿದರು. ಗಂಟಲು ಏರಿಳಿಯಿತು. ಒಂದು ಸಲ, ಇನ್ನೊಂದು ಸಲ. ಮೂರನೆಯದಕ್ಕೆ ಗಂಟಲು ಇನ್ನೂ ಬೇಕೆನ್ನುತ್ತಿದ್ದಾಗಲೇ ಲೋಟವನ್ನು ಬಾಯಿಯಿಂದ ಕಿತ್ತುಕೊಂಡು ಅವಳ ಕಡೆ ಬಗ್ಗಿಸಿ ಹಿಡಿದರು. "ನೋಡ್ಕೊ," ಎಂದರು. "ದಾಟಿಲ್ಲ." ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.